ಕೊಬ್ಬು, ಕಬ್ಬಿಣ ಮತ್ತು ಕ್ಯಾನ್ಸರ್ ಕೋಶದ ಸಾವು: ಪ್ರೋಟೀನು ಕಟ್ಟದ ಆರ್‌ಎನ್‌ಎಗಳ ಕೈವಾಡ

(ಬಳ್ಳಾರಿಯಲ್ಲಿ ವಿಜ್ಞಾನ ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಕೆಲವು ವೈದ್ಯರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟುಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯ ಭಾಗದಲ್ಲಿವೆ.)

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಕ್ಯಾನ್ಸರ್ ಕೋಶವು ಕೊಬ್ಬನ್ನು ಎಲ್ಲಿಂದ ಪಡೆಯುತ್ತದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಜೀವರಸಾಯನದ ಅಧ್ಯಾಯದಲ್ಲಿ ಹೇಳುತ್ತವೆ. ಆ ಕೋಶ ಏಕೆ ಸಾಯದೆ ಉಳಿಯುತ್ತದೆ ಎಂಬುದನ್ನು ಅಲ್ಲಿಂದ ನೂರಾರು ಪುಟ ಆಚೆ, ಕೋಶಜೀವಶಾಸ್ತ್ರದ ಅಧ್ಯಾಯದಲ್ಲಿ ಹೇಳುತ್ತವೆ. ಓದುವ ವಿದ್ಯಾರ್ಥಿಗೆ ಇವೆರಡರ ನಡುವೆ ಸಂಬಂಧವಿದೆ ಎಂಬ ಸುಳಿವೇ ಸಿಗುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳ ಸಂಶೋಧನೆಯನ್ನು ಓದಿಕೊಂಡು ಬಂದ ನನಗೆ ಅನಿಸಿರುವುದೇನೆಂದರೆ, ಕೋಶಪೊರೆಯಲ್ಲಿ ಯಾವ ಬಗೆಯ ಕೊಬ್ಬಿನಾಮ್ಲ ಎಷ್ಟಿದೆ ಎಂಬುದೇ ಆ ಕೋಶವನ್ನು ಎಷ್ಟು ಸುಲಭವಾಗಿ ಕೊಲ್ಲಬಹುದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಮತ್ತು ಆ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಕೆಲಸದಲ್ಲಿ, ತಾವು ಯಾವ ಪ್ರೋಟೀನನ್ನೂ ಕಟ್ಟದ ಆರ್‌ಎನ್‌ಎಗಳು ಹಲವು ಕಡೆ ಕೈಹಾಕುತ್ತವೆ. ಇಂದಿನ ಮಾತು ಇಷ್ಟರ ಸುತ್ತಲೇ ಇರುತ್ತದೆ. ಈ ಕ್ಷೇತ್ರದಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬ ಬಗ್ಗೆಯೂ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ.

ಮೊದಲು ಆರ್‌ಎನ್‌ಎಗಳ ಪರಿಚಯವನ್ನು ಚುಟುಕಾಗಿ ಮುಗಿಸೋಣ. ಮನುಷ್ಯನ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಸುಮಾರು 300 ಕೋಟಿ ಬೇಸ್ ಜೋಡಿಗಳಿವೆ (ಬೇಸ್‌ಗಳನ್ನು ಮುಂದೆ ಅಕ್ಷರಗಳೆಂದೇ ಕರೆಯುತ್ತೇನೆ). ಅದರಲ್ಲಿ ಪ್ರೋಟೀನುಗಳಿಗೆ ನೇರವಾಗಿ ಸಂಕೇತ ನೀಡುವ ಭಾಗ ಶೇಕಡ 2ಕ್ಕಿಂತಲೂ ಕಡಿಮೆ. ಅಂತಹ ವಂಶವಾಹಿಗಳ ಸಂಖ್ಯೆ ಸುಮಾರು 20,000. ಉಳಿದದ್ದು ಬರೀ ಕಸ ಎಂದು ಕೆಲವರು ಬಹುಕಾಲ ತಿಳಿದಿದ್ದರು. ಆದರೆ ಜೀನೋಮಿನ ಬಹುಪಾಲು ಒಂದಲ್ಲ ಒಂದು ಬಗೆಯ ಕೋಶದಲ್ಲಿ ಆರ್‌ಎನ್‌ಎಯಾಗಿ ನಕಲಾಗುತ್ತದೆ ಎಂದು 2012ರಲ್ಲಿ ಎನ್‌ಕೋಡ್ ಯೋಜನೆಯ ವರದಿಗಳು ತೋರಿಸಿದವು. ನಕಲಾದದ್ದಕ್ಕೆಲ್ಲ ಕೆಲಸವಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆ ಎಚ್ಚರವನ್ನು ಕೊನೆಯವರೆಗೂ ಇಟ್ಟುಕೊಳ್ಳಬೇಕು.

ಕೆಲಸ ಖಚಿತವಾಗಿ ತಿಳಿದಿರುವ ಗುಂಪುಗಳಲ್ಲಿ ಮೊದಲನೆಯದು ಮೈಕ್ರೋ ಆರ್‌ಎನ್‌ಎ. ಒಂದು ಮಿಲಿಮೀಟರ್ ಉದ್ದದ ಸೀ ಎಲಿಗ್ಯಾನ್ಸ್ ಎಂಬ ದುಂಡುಹುಳುವಿನಲ್ಲಿ ಲಿನ್-4 ಎಂಬ ವಂಶವಾಹಿಯು ಪ್ರೋಟೀನನ್ನು ಕೊಡುವ ಬದಲು ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎಯನ್ನು ಕೊಡುತ್ತದೆ ಎಂದು ವಿಕ್ಟರ್ ಆಂಬ್ರೋಸ್ ಅವರ ತಂಡವೂ, ಅದು ಲಿನ್-14 ಎಂಬ ಇನ್ನೊಂದು ವಂಶವಾಹಿಯ ಸಂದೇಶವನ್ನು ತಡೆಹಿಡಿಯುತ್ತದೆ ಎಂದು ಗ್ಯಾರಿ ರುವ್‌ಕುನ್ ಅವರ ತಂಡವೂ 1993ರಲ್ಲಿ ಪ್ರಕಟಿಸಿದವು. ಹುಳುವಿನ ವಿಚಿತ್ರವೆಂದು ಅದನ್ನು ಹೆಚ್ಚಿನವರು ಬದಿಗಿಟ್ಟರು. 2000ರಲ್ಲಿ ಲೆಟ್-7 ಎಂಬ ಎರಡನೆಯ ಪುಟ್ಟ ಆರ್‌ಎನ್‌ಎ ಸಿಕ್ಕಿ, ಅದು ಮನುಷ್ಯನವರೆಗೂ ಬದಲಾಗದೆ ಉಳಿದುಬಂದಿದೆ ಎಂದು ಗೊತ್ತಾದ ಮೇಲೆ ಎಲ್ಲರ ಕಣ್ಣು ಅತ್ತ ತಿರುಗಿತು. ಆ ಇಬ್ಬರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 2024ರಲ್ಲಿ.

ಮೈಕ್ರೋ ಆರ್‌ಎನ್‌ಎ ಕೆಲಸ ಮಾಡುವ ಬಗೆ ಹೀಗಿದೆ. ಕೋಶಕೇಂದ್ರದಲ್ಲಿ ಉದ್ದನೆಯ ಎಳೆಯಾಗಿ ಹುಟ್ಟಿದ ಅದನ್ನು ಡ್ರೋಶಾ ಮತ್ತು ಡೈಸರ್ ಎಂಬ ಕಿಣ್ವಗಳು ಒಂದರ ನಂತರ ಒಂದರಂತೆ ಕತ್ತರಿಸುತ್ತವೆ. ಉಳಿದ ತುಣುಕು ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಕುಳಿತು, ತನ್ನ 2ರಿಂದ 8ನೆಯ ಅಕ್ಷರದವರೆಗಿನ ಭಾಗಕ್ಕೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಗಳನ್ನು ಹುಡುಕಿ, ಸಾಮಾನ್ಯವಾಗಿ ಅವುಗಳ ಬಾಲದ ಕಡೆ ಅಂಟಿಕೊಂಡು, ಆ ಸಂದೇಶಗಳ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಹೊಂದಬೇಕಾದ ಅಕ್ಷರಗಳು ಏಳೇ ಆದ್ದರಿಂದ ಒಂದು ಮೈಕ್ರೋ ಆರ್‌ಎನ್‌ಎಗೆ ನೂರಾರು ಗುರಿಗಳಿರುತ್ತವೆ. ಒಂದೊಂದು ಗುರಿಯ ಮೇಲೆ ಅದರ ಪ್ರಭಾವ ಮಾತ್ರ ಸಾಧಾರಣವಾಗಿ ಅಲ್ಪ. ತುಂಗಭದ್ರಾ ಅಣೆಕಟ್ಟಿನ ಗೇಟನ್ನು ಇಳಿಸುವುದಕ್ಕೂ, ಸಿರುಗುಪ್ಪದ ಕಡೆಯ ವಿತರಣಾ ಕಾಲುವೆಗಳ ತೂಬುಗಳನ್ನು ಒಂದಿಷ್ಟು ತಗ್ಗಿಸುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಇದು ತಿಳಿಯುತ್ತದೆ: ಒಂದು ತೂಬಿನಿಂದ ಊರು ಒಣಗುವುದಿಲ್ಲ, ಒಂದೇ ಕಾಲುವೆಯ ಹತ್ತು ತೂಬುಗಳನ್ನು ಒಟ್ಟಿಗೆ ತಗ್ಗಿಸಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ.

ಎರಡನೆಯ ಗುಂಪು 200 ಅಕ್ಷರಗಳಿಗಿಂತ ಉದ್ದವಾದ ಆರ್‌ಎನ್‌ಎಗಳು. ಇವುಗಳಿಗೆ ಒಂದೇ ಕಾರ್ಯವಿಧಾನವಿಲ್ಲ. ಕೆಲವು ಪ್ರೋಟೀನುಗಳನ್ನು ಹಿಡಿದಿಡುತ್ತವೆ, ಕೆಲವು ಅವನ್ನು ಡಿಎನ್‌ಎಯ ನಿರ್ದಿಷ್ಟ ಜಾಗಕ್ಕೆ ಕರೆದೊಯ್ಯುತ್ತವೆ, ಇನ್ನು ಕೆಲವು ಮೈಕ್ರೋ ಆರ್‌ಎನ್‌ಎಗಳನ್ನು ತಮ್ಮ ಮೇಲೆ ಅಂಟಿಸಿಕೊಂಡು ಅವುಗಳನ್ನು ಗುರಿಯಿಂದ ದೂರವಿಡುತ್ತವೆ. ಮೂರನೆಯದು ತುದಿಗಳು ಬೆಸೆದುಕೊಂಡ ವೃತ್ತಾಕಾರದ ಆರ್‌ಎನ್‌ಎ. ತುದಿಗಳನ್ನು ಹಿಡಿದು ತಿನ್ನುವ ಕಿಣ್ವಗಳಿಗೆ ಸಿಗದ ಕಾರಣ ಇದು ಕೋಶದಲ್ಲಿ ಹೆಚ್ಚು ಹೊತ್ತು ಬಾಳುತ್ತದೆ.

ಈಗ ಕೊಬ್ಬಿಗೆ ಬರುತ್ತೇನೆ. ಆಮ್ಲಜನಕ ಸಾಕಷ್ಟಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತವೆ ಎಂದು ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲಿ ತೋರಿಸಿದ್ದು ನಿಮಗೆ ಗೊತ್ತಿದೆ. ಈ ಒಂದು ಸಂಗತಿ ಎಷ್ಟು ಪ್ರಸಿದ್ಧವಾಯಿತೆಂದರೆ, ಅದರ ನೆರಳಿನಲ್ಲಿ ಕೊಬ್ಬಿನ ವಿಚಾರ ದಶಕಗಳ ಕಾಲ ಮರೆಯಾಗಿತ್ತು. ವಿಭಜನೆಯಾಗುವ ಪ್ರತಿಯೊಂದು ಕೋಶವೂ ತನ್ನ ಪೊರೆಗಳನ್ನು ದುಪ್ಪಟ್ಟು ಮಾಡಿಕೊಳ್ಳಬೇಕು, ಪೊರೆಯೆಂದರೆ ಬಹುಪಾಲು ಕೊಬ್ಬು. ಆರೋಗ್ಯವಂತ ದೇಹದ ಹೆಚ್ಚಿನ ಕೋಶಗಳು ಊಟದ ಕೊಬ್ಬಿನಿಂದಲೇ ಈ ಅಗತ್ಯವನ್ನು ಪೂರೈಸಿಕೊಂಡರೆ, ಹಲವು ಗಡ್ಡೆಗಳು ರಕ್ತದಲ್ಲಿ ಕೊಬ್ಬು ಸಿಗುತ್ತಿದ್ದರೂ ತಾವೇ ಹೊಸದಾಗಿ ಕಟ್ಟಲು ತೊಡಗುತ್ತವೆ. ಕೆಟ್ಟ ಮುನ್ಸೂಚನೆಯ ಸ್ತನ ಕ್ಯಾನ್ಸರಿನಲ್ಲಿ ಕಾಣುತ್ತಿದ್ದ ಗುರುತುಪ್ರೋಟೀನೊಂದು ಬೇರೇನೂ ಆಗಿರದೆ ಕೊಬ್ಬಿನಾಮ್ಲ ಕಟ್ಟುವ ಫ್ಯಾಟಿ ಆಸಿಡ್ ಸಿಂಥೇಸ್ ಕಿಣ್ವವೇ ಎಂದು 1994ರಲ್ಲಿ ತಿಳಿದುಬಂದದ್ದು ಈ ಅಧ್ಯಯನಕ್ಕೆ ಮತ್ತೆ ಜೀವ ಕೊಟ್ಟಿತು.

ಕಟ್ಟುವ ದಾರಿಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಸಿಟ್ರೇಟಿನಿಂದ ಅಸಿಟೈಲ್ ಕೋಎ, ಅದರಿಂದ ಮ್ಯಾಲೊನೈಲ್ ಕೋಎ, ಅದರಿಂದ 16 ಇಂಗಾಲಗಳ ಪಾಮಿಟಿಕ್ ಆಮ್ಲ. ಇಷ್ಟರವರೆಗೆ ಸಿಕ್ಕುವುದು ದ್ವಿಬಂಧವಿಲ್ಲದ ಸಂತೃಪ್ತ ಕೊಬ್ಬಿನಾಮ್ಲ. ಅದರಿಂದ ಬಂದ 18 ಇಂಗಾಲಗಳ ಸರಪಳಿಯಲ್ಲಿ ಎಸ್‌ಸಿಡಿ1 ಎಂಬ ಕಿಣ್ವ ಒಂದು ದ್ವಿಬಂಧವನ್ನು ಹುಟ್ಟಿಸಿದರೆ ಓಲಿಯಿಕ್ ಆಮ್ಲವಾಗುತ್ತದೆ. ಎರಡು ಅಥವಾ ಹೆಚ್ಚು ದ್ವಿಬಂಧಗಳ ಲಿನೋಲಿಯಿಕ್ ಆಮ್ಲದಂತಹವನ್ನು ಮನುಷ್ಯನ ಕೋಶ ಮೂಲದಿಂದ ಕಟ್ಟಲಾರದು. ಅವು ಆಹಾರದಿಂದಲೇ ಬರಬೇಕು. ಅಂದರೆ ತಾನೇ ಕೊಬ್ಬು ಕಟ್ಟಿಕೊಳ್ಳುವ ಗಡ್ಡೆಯ ಪೊರೆಯಲ್ಲಿ ಸಂತೃಪ್ತ ಮತ್ತು ಒಂದು ದ್ವಿಬಂಧದ ಕೊಬ್ಬಿನಾಮ್ಲಗಳ ಪಾಲು ಏರುತ್ತದೆ, ಹಲವು ದ್ವಿಬಂಧಗಳವುಗಳ ಪಾಲು ಇಳಿಯುತ್ತದೆ. ಈ ಇಡೀ ಕಾರ್ಖಾನೆಯ ಮೇಲ್ವಿಚಾರಕರು ಎಸ್‌ಆರ್‌ಇಬಿಪಿ ಎಂಬ ಪ್ರೋಟೀನುಗಳು. ಇವುಗಳಲ್ಲಿ ಒಂದು ಮುಖ್ಯವಾಗಿ ಕೊಬ್ಬಿನಾಮ್ಲವನ್ನೂ ಇನ್ನೊಂದು ಮುಖ್ಯವಾಗಿ ಕೊಲೆಸ್ಟರಾಲನ್ನೂ ನೋಡಿಕೊಳ್ಳುತ್ತದೆ.

ಆರ್‌ಎನ್‌ಎಗಳು ಇಲ್ಲಿ ಎಲ್ಲಿ ಕುಳಿತಿವೆ ಎಂಬುದಕ್ಕೆ ಮಿರ್-33ಕ್ಕಿಂತ ಸೊಗಸಾದ ಉದಾಹರಣೆ ನನಗೆ ತಿಳಿದಿಲ್ಲ. ಎಸ್‌ಆರ್‌ಇಬಿಪಿ ಪ್ರೋಟೀನುಗಳ ವಂಶವಾಹಿಗಳೊಳಗೇ, ಪ್ರೋಟೀನಿಗೆ ಬೇಡವೆಂದು ಕತ್ತರಿಸಿ ತೆಗೆಯುವ ಭಾಗದಲ್ಲಿ, ಈ ಮೈಕ್ರೋ ಆರ್‌ಎನ್‌ಎ ಅಡಗಿದೆ. ಕೋಶಕ್ಕೆ ಕೊಲೆಸ್ಟರಾಲ್ ಕಡಿಮೆಯಾಗಿ ಆ ವಂಶವಾಹಿ ಚುರುಕಾದಾಗ, ಕೊಲೆಸ್ಟರಾಲ್ ಕಟ್ಟುವ ಆಜ್ಞೆಯ ಜೊತೆಜೊತೆಗೆ ಮಿರ್-33 ಕೂಡ ಹೊರಬರುತ್ತದೆ. ಅದು ಕೊಲೆಸ್ಟರಾಲನ್ನು ಹೊರಗೆ ಸಾಗಿಸುವ ಎಬಿಸಿಎ1 ಪ್ರೋಟೀನಿನ ಸಂದೇಶವನ್ನು ತಗ್ಗಿಸುತ್ತದೆ. ಕೊಬ್ಬಿನಾಮ್ಲವನ್ನು ಉರಿಸುವ ಕೆಲವು ಕಿಣ್ವಗಳನ್ನೂ ತಗ್ಗಿಸುತ್ತದೆ. ಕಟ್ಟುವ ಕೈ ಮೇಲೆದ್ದಾಗ ಖರ್ಚು ಮಾಡುವ ಕೈಯನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಒಂದೇ ವಂಶವಾಹಿಯ ಒಡಲಲ್ಲಿದೆ ಎಂಬುದು 2010ರಲ್ಲಿ ಹಲವು ತಂಡಗಳಿಂದ ಒಟ್ಟೊಟ್ಟಿಗೆ ಹೊರಬಂತು. ಒಂದು ತೊಡಕಿದೆ: ಮನುಷ್ಯನಲ್ಲಿ ಮಿರ್-33ರ ಎರಡು ರೂಪಗಳಿದ್ದರೆ ಇಲಿಯಲ್ಲಿರುವುದು ಒಂದೇ. ಆದ್ದರಿಂದ ಇಲಿಯಲ್ಲಿ ಕಂಡದ್ದನ್ನು ನಮಗೆ ಹಾಗೆಯೇ ಅನ್ವಯಿಸಲಾಗದು.

ಯಕೃತ್ತಿನ ಮಿರ್-122 ಇನ್ನೂ ಗಹನವಾದ ಪಾಠ ಹೇಳುತ್ತದೆ. ಯಕೃತ್ತಿನ ಮೈಕ್ರೋ ಆರ್‌ಎನ್‌ಎಗಳಲ್ಲಿ ಸುಮಾರು ಶೇಕಡ 70 ಭಾಗ ಇದೊಂದೇ. 2005ರಲ್ಲಿ ಇಲಿಗಳಲ್ಲಿ ಇದನ್ನು ಕೆಲಕಾಲ ತಡೆದಾಗ ರಕ್ತದ ಕೊಲೆಸ್ಟರಾಲ್ ಇಳಿಯಿತು. ಔಷಧಿಯ ಆಸೆ ಹುಟ್ಟಿತು. ಆದರೆ ಹುಟ್ಟಿನಿಂದಲೇ ಮಿರ್-122 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದವರು 2012ರಲ್ಲಿ ವರದಿ ಮಾಡಿದ್ದೇ ಬೇರೆ: ಅವುಗಳ ರಕ್ತದಲ್ಲಿ ಕೊಲೆಸ್ಟರಾಲ್ ಕಡಿಮೆಯಿತ್ತು, ಯಕೃತ್ತಿನಲ್ಲಿ ಮಾತ್ರ ಕೊಬ್ಬು ತುಂಬಿ, ಉರಿಯೂತವಾಗಿ, ನಾರುಗಟ್ಟಿ, ಕೊನೆಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಮನುಷ್ಯರ ಯಕೃತ್ತಿನ ಕ್ಯಾನ್ಸರ್‌ಗಳಲ್ಲಿಯೂ ಹಲವು ಬಾರಿ ಮಿರ್-122 ಕುಸಿದಿರುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ಒಳ್ಳೆಯದಾಗಿ ಕಾಣುವ ಅಂಕಿ, ಅಂಗದೊಳಗೆ ಕೊಬ್ಬು ಹೊರಹೋಗಲಾರದೆ ಸಿಕ್ಕಿಕೊಂಡಿರುವುದರ ಗುರುತೂ ಆಗಿರಬಹುದು ಎಂಬುದನ್ನು ಇಲ್ಲಿರುವ ವೈದ್ಯರು ಗಮನಿಸಬೇಕು. ಉದ್ದನೆಯ ಆರ್‌ಎನ್‌ಎಗಳಲ್ಲಿ ಎಚ್‌ಯುಎಲ್‌ಸಿ ಎಂಬುದು ಯಕೃತ್ತಿನ ಕ್ಯಾನ್ಸರಿನಲ್ಲಿ ಬಹಳ ಏರಿರುತ್ತದೆ. ಅದು ಮಿರ್-9 ಅನ್ನು ತಗ್ಗಿಸುವ ಮೂಲಕ ಕೊಬ್ಬಿನಾಮ್ಲವನ್ನು ಬಳಕೆಗೆ ಸಿದ್ಧಗೊಳಿಸುವ ಎಸಿಎಸ್‌ಎಲ್1 ಕಿಣ್ವವನ್ನು ಹೆಚ್ಚಿಸುತ್ತದೆ ಎಂದು 2015ರ ಅಧ್ಯಯನವೊಂದು ಹೇಳಿತು.

ಸಾವಿನ ಕಡೆಗೆ ಹೊರಳೋಣ. ಕೋಶವು ತನ್ನನ್ನು ತಾನೇ ಕಳಚಿಕೊಳ್ಳುವ ಕ್ರಮಬದ್ಧ ಸಾವಿಗೆ 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಡಲಾಯಿತು. ಕ್ಯಾನ್ಸರಿಗೂ ಮೈಕ್ರೋ ಆರ್‌ಎನ್‌ಎಗೂ ನಂಟಿದೆ ಎಂಬ ಮೊದಲ ಸ್ಪಷ್ಟ ಸಾಕ್ಷ್ಯ ಬಂದದ್ದೂ ಈ ಸಾವಿನ ದಾರಿಯಲ್ಲಿಯೇ. ಒಂದು ಬಗೆಯ ದೀರ್ಘಕಾಲಿಕ ರಕ್ತದ ಕ್ಯಾನ್ಸರಿನಲ್ಲಿ 13ನೆಯ ವರ್ಣತಂತುವಿನ ತುಂಡೊಂದು ಕಳೆದುಹೋಗಿರುತ್ತದೆ. ಕಳೆದುಹೋದ ಜಾಗದಲ್ಲಿ ತಪ್ಪಿತಸ್ಥ ಪ್ರೋಟೀನಿಗಾಗಿ ಹುಡುಕಿ ಹುಡುಕಿ ಸೋತ ಮೇಲೆ, ಅಲ್ಲಿದ್ದದ್ದು ಮಿರ್-15 ಮತ್ತು ಮಿರ್-16 ಎಂದು ಜಾರ್ಜ್ ಕ್ಯಾಲಿನ್ ಮತ್ತು ಕಾರ್ಲೊ ಕ್ರೋಚೆ ಅವರ ತಂಡ 2002ರಲ್ಲಿ ಕಂಡುಕೊಂಡಿತು. ಇವೆರಡೂ ಸಾವನ್ನು ತಡೆಯುವ ಬಿಸಿಎಲ್2 ಪ್ರೋಟೀನನ್ನು ತಗ್ಗಿಸುತ್ತವೆ. ಇವಿಲ್ಲದಾಗ ಬಿಸಿಎಲ್2 ಏರಿ ಕೋಶ ಸಾಯಲು ಒಪ್ಪುವುದಿಲ್ಲ. ಅಪೊಪ್ಟೋಸಿಸ್ ಕುರಿತು ಹೇಳಲು ಇನ್ನೂ ಬಹಳವಿದೆ, ಆದರೆ ಅದು ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ. ನನಗೆ ಇಂದು ಬೇಕಾದದ್ದು ಬೇರೊಂದು ಸಾವು.

2012ರಲ್ಲಿ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಅವರ ಸಹೋದ್ಯೋಗಿಗಳು ಫೆರೊಪ್ಟೋಸಿಸ್ ಎಂಬ ಹೆಸರಿಟ್ಟು ವಿವರಿಸಿದ ಸಾವು ಅದು. ಎರಾಸ್ಟಿನ್ ಎಂಬ ರಾಸಾಯನಿಕ ಹಾಕಿದರೆ ಕೆಲವು ಕ್ಯಾನ್ಸರ್ ಕೋಶಗಳು ಸಾಯುತ್ತಿದ್ದವು. ಅಪೊಪ್ಟೋಸಿಸನ್ನು ತಡೆಯುವ ಯಾವ ಔಷಧವೂ ಅವನ್ನು ಉಳಿಸಲಿಲ್ಲ, ಕಬ್ಬಿಣವನ್ನು ಹಿಡಿದುಹಾಕುವ ಔಷಧ ಉಳಿಸಿತು. ಕಾರಣವನ್ನು ತಿಳಿಯಲು ನಮ್ಮ ಭಾಗದ ಗಾಣದ ಎಣ್ಣೆಗಳನ್ನೇ ನೋಡಬಹುದು, ಏಕೆಂದರೆ ಇಲ್ಲಿ ನಡೆಯುವ ರಸಾಯನಕ್ರಿಯೆ ಎಣ್ಣೆ ಕಮಟಾಗುವ ಕ್ರಿಯೆಯೇ. ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಶೇಂಗಾ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೇ ದೊಡ್ಡ ಪಾಲು. ಓಲಿಯಿಕ್‌ನಲ್ಲಿ ಒಂದೇ ದ್ವಿಬಂಧವಿದೆ. ಲಿನೋಲಿಯಿಕ್‌ನಲ್ಲಿ ಎರಡಿವೆ, ಅವುಗಳ ನಡುವೆ ಒಂದು ಇಂಗಾಲ ಸಿಕ್ಕಿಕೊಂಡಿದೆ. ಆ ನಡುವಿನ ಇಂಗಾಲಕ್ಕೆ ಅಂಟಿದ ಜಲಜನಕ ಬಹಳ ಸಡಿಲ; ಅದನ್ನು ಯಾರಾದರೂ ಕಿತ್ತರೆ ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಕೂತದ್ದು ಪಕ್ಕದ ಅಣುವಿನಿಂದ ಇನ್ನೊಂದು ಜಲಜನಕವನ್ನು ಕೀಳುತ್ತದೆ, ಹೀಗೆ ಸರಪಳಿ ಸಾಗುತ್ತದೆ. ಕುಸುಬಿ ಎಣ್ಣೆ ಶೇಂಗಾ ಎಣ್ಣೆಗಿಂತ ಬೇಗ ಕಮಟುವುದು ಇದರಿಂದಲೇ. ನಮ್ಮ ಕೋಶಪೊರೆಯ ಅರಾಕಿಡೋನಿಕ್ ಆಮ್ಲದಲ್ಲಿ ನಾಲ್ಕು ದ್ವಿಬಂಧಗಳೂ ಅಂತಹ ಮೂರು ಸಡಿಲ ಜಾಗಗಳೂ ಇವೆ. ಕೋಶದಲ್ಲಿ ಈ ಸರಪಳಿಗೆ ಕಿಡಿ ಹಚ್ಚುವುದು ಕಬ್ಬಿಣ; ಪೊರೆಯ ಕೊಬ್ಬು ಹೀಗೆ ಕಮಟಿ ಕೋಶ ಸಾಯುವುದೇ ಫೆರೊಪ್ಟೋಸಿಸ್. ಕುಸುಬಿಗಿಂತ ಎಷ್ಟೋ ಬೇಗ ಕೆಡುವ ವಸ್ತುವನ್ನು ನಾವೆಲ್ಲ ಮೈಯ ಪ್ರತಿ ಕೋಶದಲ್ಲಿಯೂ ಹೊತ್ತು ತಿರುಗುತ್ತಿದ್ದೇವೆ!

ಕೆಡದಂತೆ ಕಾಯುವವರು ಯಾರು? ಮುಖ್ಯ ಕಾವಲುಗಾರ ಜಿಪಿಎಕ್ಸ್4 ಎಂಬ, ಸೆಲೆನಿಯಂ ಹೊಂದಿರುವ ಕಿಣ್ವ. ಪೊರೆಯಲ್ಲಿ ಕಮಟಿದ ಕೊಬ್ಬನ್ನು ಅದು ಅಪಾಯವಿಲ್ಲದ ರೂಪಕ್ಕೆ ತಿರುಗಿಸುತ್ತದೆ. ಅದಕ್ಕೆ ಗ್ಲುಟಾಥಯೋನ್ ಬೇಕು, ಗ್ಲುಟಾಥಯೋನಿಗೆ ಸಿಸ್ಟೀನ್ ಬೇಕು, ಸಿಸ್ಟೀನಿಗೆ ಕಚ್ಚಾವಸ್ತುವಾದ ಸಿಸ್ಟಿನನ್ನು ಒಳತರುವ ಬಾಗಿಲಿನ ಮುಖ್ಯ ಭಾಗ ಎಸ್‌ಎಲ್‌ಸಿ7ಎ11. ಎರಾಸ್ಟಿನ್ ಮುಚ್ಚಿದ್ದು ಈ ಬಾಗಿಲನ್ನೇ. ಇನ್ನೊಂದು ಕಡೆ ಕೆಡುವ ಕೊಬ್ಬಿನಾಮ್ಲವನ್ನು ಪೊರೆಗೆ ಸೇರಿಸುವುದರಲ್ಲಿ ಮುಖ್ಯವಾದದ್ದು ಎಸಿಎಸ್‌ಎಲ್4 ಎಂಬ ಕಿಣ್ವ. ಅದಿಲ್ಲದ ಕೋಶಗಳು ಈ ಸಾವಿಗೆ ಸುಲಭಕ್ಕೆ ಬಗ್ಗುವುದಿಲ್ಲ ಎಂದು 2017ರಲ್ಲಿ ಗೊತ್ತಾಯಿತು. 2019ರಲ್ಲಿ ಎಫ್‌ಎಸ್‌ಪಿ1 ಎಂಬ ಎರಡನೆಯ ಕಾವಲು ಸಿಕ್ಕಿತು. ಹೊರಗಿನಿಂದ ಓಲಿಯಿಕ್ ಆಮ್ಲ ಕೊಟ್ಟರೆ ಕೋಶಗಳು ಫೆರೊಪ್ಟೋಸಿಸ್‌ನಿಂದ ಪಾರಾಗುತ್ತವೆ. ದುಗ್ಧರಸದ ಮೂಲಕ ಹರಡುವ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳು ಅಲ್ಲಿನ ಓಲಿಯಿಕ್ ಆಮ್ಲವನ್ನು ಹೊದ್ದುಕೊಂಡು, ರಕ್ತಕ್ಕೆ ಬಂದ ಮೇಲೂ ಬದುಕಿ ಉಳಿಯುತ್ತವೆ ಎಂದು 2020ರ ಅಧ್ಯಯನವೊಂದು ತೋರಿಸಿತು. ಹಿಂದೆ ಹೇಳಿದ ಕೊಬ್ಬು ಕಟ್ಟುವ ದಾರಿಯನ್ನು ಈಗ ನೆನೆಯಿರಿ. ಗಡ್ಡೆಯು ತಾನೇ ಕೊಬ್ಬು ಕಟ್ಟಿಕೊಂಡು ಎಸ್‌ಸಿಡಿ1 ಮೂಲಕ ಓಲಿಯಿಕ್ ಆಮ್ಲ ಹೆಚ್ಚಿಸಿಕೊಂಡಾಗ, ಪೊರೆಗೆ ಬೇಕಾದ ಸಾಮಗ್ರಿಯ ಜೊತೆಗೆ ಕಮಟದ ಪೊರೆಯನ್ನೂ ಗಳಿಸಿಕೊಳ್ಳುತ್ತದೆ.

ಆರ್‌ಎನ್‌ಎಗಳು ಈ ಜಾಲದ ಬಹುತೇಕ ಪ್ರತಿಯೊಂದು ಗಂಟಿನಲ್ಲಿಯೂ ಸಿಕ್ಕಿವೆ. ಮೆಲನೋಮದಲ್ಲಿ ಮಿರ್-137 ಗ್ಲುಟಮಿನ್ ಒಳಬರುವ ಬಾಗಿಲಾದ ಎಸ್‌ಎಲ್‌ಸಿ1ಎ5 ಅನ್ನು ತಗ್ಗಿಸಿ ಕೋಶವನ್ನು ಫೆರೊಪ್ಟೋಸಿಸ್‌ನಿಂದ ಕಾಯುತ್ತದೆ ಎಂದು 2018ರಲ್ಲಿ ವರದಿಯಾಯಿತು. ಅದನ್ನು ತಡೆದರೆ ಎರಾಸ್ಟಿನ್ ಹೆಚ್ಚು ಪರಿಣಾಮ ಬೀರಿತು. ಪಿ53ಆರ್‌ಆರ್‌ಎ ಎಂಬ ಉದ್ದನೆಯ ಆರ್‌ಎನ್‌ಎ ಇದಕ್ಕೆ ವಿರುದ್ಧ ದಿಕ್ಕಿನದು. ಕೋಶರಸದಲ್ಲಿ ಜಿ3ಬಿಪಿ1 ಪ್ರೋಟೀನು, ಗಡ್ಡೆ ಬೆಳೆಯದಂತೆ ತಡೆಯುವ ಪಿ53 ಎಂಬ ಪ್ರೋಟೀನನ್ನು ಹಿಡಿದಿಟ್ಟಿರುತ್ತದೆ; ಈ ಆರ್‌ಎನ್‌ಎ ಜಿ3ಬಿಪಿ1ಕ್ಕೆ ಅಂಟಿಕೊಂಡು ಪಿ53ಯನ್ನು ಬಿಡಿಸುತ್ತದೆ, ಬಿಡುಗಡೆಯಾದ ಪಿ53 ಕೋಶಕೇಂದ್ರಕ್ಕೆ ಹೋಗಿ ಸಾವಿನ ಕಡೆ ತಳ್ಳುತ್ತದೆ. ಪಿ53 ಸ್ವತಃ ಎಸ್‌ಎಲ್‌ಸಿ7ಎ11 ಅನ್ನು ತಗ್ಗಿಸುತ್ತದೆ ಎಂಬುದು 2015ರಲ್ಲಿಯೇ ತಿಳಿದಿತ್ತು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಜಠರ ಕ್ಯಾನ್ಸರಿನ ಒಂದು ಅಧ್ಯಯನ. ಗಡ್ಡೆಯೆಂದರೆ ಕ್ಯಾನ್ಸರ್ ಕೋಶಗಳಷ್ಟೇ ಇರುವ ಉಂಡೆಯಲ್ಲ. ಅದರೊಳಗೆ ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳೂ ತುಂಬಿರುತ್ತವೆ. ಸಿಸ್‌ಪ್ಲಾಟಿನ್ ಅಥವಾ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟಾಗ ಈ ಫೈಬ್ರೋಬ್ಲಾಸ್ಟ್‌ಗಳು ಮಿರ್-522 ಅನ್ನು ಎಕ್ಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ತುಂಬಿ ಹೊರಗೆ ಕಳಿಸುತ್ತವೆ. ಅದು ನೆರೆಯ ಕ್ಯಾನ್ಸರ್ ಕೋಶವನ್ನು ಹೊಕ್ಕು, ಕೊಬ್ಬಿಗೆ ಆಮ್ಲಜನಕ ಸೇರಿಸುವ ಅಲಾಕ್ಸ್15 ಕಿಣ್ವವನ್ನು ತಗ್ಗಿಸುತ್ತದೆ. ಕೊಬ್ಬು ಕಮಟುವುದು ಕಡಿಮೆಯಾಗಿ ಔಷಧಿಯ ಪೆಟ್ಟು ಮೊಂಡಾಗುತ್ತದೆ. 2020ರಲ್ಲಿ ಪ್ರಕಟವಾದ ಈ ಕೆಲಸದ ಪ್ರಕಾರ, ಚಿಕಿತ್ಸೆಯೇ ನೆರೆಕೋಶದ ಕೈಯಿಂದ ಪ್ರತಿರೋಧವನ್ನು ಕಟ್ಟಿಸುತ್ತಿದೆ. ಬೇರೆ ತಂಡಗಳು ರೋಗಿಗಳ ಮಾದರಿಗಳಲ್ಲಿ ಇದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಗಿದೆ.

ಇಲ್ಲಿ ನಿಂತು ಒಂದು ಕಹಿ ಮಾತು ಹೇಳಲೇಬೇಕು. ಈ ವಿಷಯದ ಪ್ರಬಂಧಗಳಲ್ಲಿ ಒಂದು ಅಚ್ಚು ಕಾಣುತ್ತದೆ: ಇಂತಹ ಉದ್ದನೆಯ ಆರ್‌ಎನ್‌ಎ ಇಂತಹ ಮೈಕ್ರೋ ಆರ್‌ಎನ್‌ಎಯನ್ನು ಹೀರಿಕೊಂಡು ಇಂತಹ ಪ್ರೋಟೀನನ್ನು ಏರಿಸುತ್ತದೆ. ಹೆಸರುಗಳನ್ನು ಬದಲಿಸಿದರೆ ಹೊಸ ಪ್ರಬಂಧ ಸಿದ್ಧ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಲಿಂಕ್00336 ಎಂಬುದು ಮಿರ್-6852 ಅನ್ನು ಹೀರಿಕೊಂಡು ಫೆರೊಪ್ಟೋಸಿಸನ್ನು ತಡೆಯುತ್ತದೆ ಎಂಬ 2019ರ ವರದಿ ಈ ಬಗೆಯದು. ಅದನ್ನು ನಾನು ಸುಳ್ಳೆನ್ನುತ್ತಿಲ್ಲ. ನಾವು ಕೇಳಬೇಕಾದ ಮೊದಲ ಪ್ರಶ್ನೆ ಎಣಿಕೆಯದು. ಒಂದು ಕೋಶದಲ್ಲಿ ಆ ಉದ್ದನೆಯ ಆರ್‌ಎನ್‌ಎಯ ಪ್ರತಿಗಳೆಷ್ಟು, ಆ ಮೈಕ್ರೋ ಆರ್‌ಎನ್‌ಎಯ ಪ್ರತಿಗಳೆಷ್ಟು, ಅದು ಅಂಟಬಹುದಾದ ಇತರ ಜಾಗಗಳೆಷ್ಟು? 2014ರಲ್ಲಿ ಮಾರ್ಕಸ್ ಸ್ಟೋಫೆಲ್ ಅವರ ತಂಡ ಯಕೃತ್ತಿನ ಕೋಶಗಳಲ್ಲಿ ಮಿರ್-122ರ ಮೇಲೆ ಈ ಲೆಕ್ಕ ಹಾಕಿ, ಹೀರಿಕೊಳ್ಳುವಿಕೆ ಪರಿಣಾಮ ಬೀರಬೇಕಾದರೆ ಸಹಜ ಸ್ಥಿತಿಯಲ್ಲಿ ಅಪರೂಪವಾದಷ್ಟು ದೊಡ್ಡ ಸಂಖ್ಯೆಯಲ್ಲಿ ಹೊಸ ಅಂಟುಜಾಗಗಳು ಬೇಕಾಗುತ್ತವೆ ಎಂದು ತೋರಿಸಿತು. ಎರಡನೆಯ ಚಿಂತೆ ಇನ್ನೂ ಮುಜುಗರದ್ದು. ಆಸ್ಟ್ರೇಲಿಯಾದ ಜೆನಿಫರ್ ಬರ್ನ್ ಮತ್ತು ಸಂಗಡಿಗರು ಕ್ಯಾನ್ಸರ್ ವಂಶವಾಹಿಗಳ ಪ್ರಬಂಧಗಳಲ್ಲಿ ಅಚ್ಚಾದ ಆರ್‌ಎನ್‌ಎ ತುಣುಕುಗಳ ಅಕ್ಷರಕ್ರಮವನ್ನು ಗಣಕಯಂತ್ರದಿಂದ ಪರಿಶೀಲಿಸಿ, ಹೇಳಿದ ಗುರಿಗೆ ಹೊಂದದ ಕ್ರಮಗಳನ್ನು ಬಳಸಿದ ಪ್ರಬಂಧಗಳನ್ನು ದೊಡ್ಡ ಸಂಖ್ಯೆಯಲ್ಲಿ ಹೊರಗೆಳೆದಿದ್ದಾರೆ. ಹಣಕ್ಕೆ ಪ್ರಬಂಧ ತಯಾರಿಸಿ ಮಾರುವ ದಂಧೆಯ ನೆರಳು ಈ ಕ್ಷೇತ್ರದ ಮೇಲೆ ದಟ್ಟವಾಗಿಯೇ ಬಿದ್ದಿದೆ. ಆದ್ದರಿಂದ ಸ್ನಾತಕೋತ್ತರ ಸೆಮಿನಾರಿಗೆ ಪ್ರಬಂಧ ಆರಿಸುವ ವಿದ್ಯಾರ್ಥಿಗಳು ಅದರ ಸಾರಾಂಶಕ್ಕಿಂತ ಮೊದಲು ಅದರ ಪ್ರೈಮರ್‌ಗಳ (ಗುರಿಯ ವಂಶವಾಹಿಗೆ ಹೊಂದುವಂತೆ ತಯಾರಿಸಿದ ಪುಟ್ಟ ಡಿಎನ್‌ಎ ತುಣುಕುಗಳ) ಪಟ್ಟಿಯನ್ನು ತೆರೆದು, ಅಕ್ಷರಕ್ರಮಗಳನ್ನು ಹೋಲಿಸಿ ನೋಡುವ, ಉಚಿತವಾಗಿ ಸಿಗುವ ಬ್ಲಾಸ್ಟ್ ತಂತ್ರಾಂಶದಲ್ಲಿ ಹಾಕಿ ನೋಡಲಿ. ಅರ್ಧ ಗಂಟೆಯ ಕೆಲಸ, ಹಲವು ತಿಂಗಳ ಶ್ರಮ ಉಳಿಯುತ್ತದೆ.

ಚಿಕಿತ್ಸೆಯ ವಿಚಾರದಲ್ಲಿ ಕಥೆ ಏಳುಬೀಳಿನದು. ಹೆಪಟೈಟಿಸ್ ಸಿ ವೈರಸ್ಸಿಗೆ ಬೆಳೆಯಲು ಮಿರ್-122 ಬೇಕು; ಅದನ್ನು ತಡೆಯುವ ಮಿರಾವಿರ್ಸೆನ್ ರೋಗಿಗಳಲ್ಲಿ ವೈರಸ್ಸನ್ನು ತಗ್ಗಿಸಿತು, ಆದರೆ ಅಷ್ಟರಲ್ಲಿ ಬಾಯಿಯಿಂದ ನುಂಗುವ ಒಳ್ಳೆಯ ಮಾತ್ರೆಗಳು ಬಂದು ಅದರ ಅಗತ್ಯ ಉಳಿಯಲಿಲ್ಲ. ಪಿ53ಯ ಆಜ್ಞೆಯಂತೆ ಏರುವ ಮಿರ್-34 ಅನ್ನು ಕೊಬ್ಬಿನ ಕಣಗಳಲ್ಲಿ ತುಂಬಿ ಕೊಡುವ ಎಂಆರ್‌ಎಕ್ಸ್34 ಎಂಬುದು ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷೆಗೆ ಬಂದ ಮೊದಲ ಮೈಕ್ರೋ ಆರ್‌ಎನ್‌ಎ ಔಷಧ. ರೋಗನಿರೋಧಕ ವ್ಯವಸ್ಥೆಯ ಗಂಭೀರ ಪ್ರತಿಕ್ರಿಯೆಗಳಾಗಿ ಕೆಲವರು ತೀರಿಕೊಂಡದ್ದರಿಂದ 2016ರಲ್ಲಿ ಆ ಪರೀಕ್ಷೆ ನಿಂತಿತು. ಕೊಲೆಸ್ಟರಾಲ್ ತಗ್ಗಿಸಲು ವರ್ಷಕ್ಕೆ ಎರಡು ಚುಚ್ಚುಮದ್ದಾಗಿ ಕೊಡುವ ಇನ್‌ಕ್ಲಿಸಿರಾನ್ ಎಂಬ ಪುಟ್ಟ ಆರ್‌ಎನ್‌ಎ ಔಷಧ ಮಾತ್ರ ಗೆದ್ದು ಮಾರುಕಟ್ಟೆಯಲ್ಲಿದೆ. ಒಂದು ಗೆದ್ದು ಇನ್ನೊಂದು ಸೋಲಲು ಒಂದು ಮುಖ್ಯ ಕಾರಣ ವಿಳಾಸ. ಇನ್‌ಕ್ಲಿಸಿರಾನಿಗೆ ಅಂಟಿಸಿದ ಒಂದು ಬಗೆಯ ಸಕ್ಕರೆಯನ್ನು ಯಕೃತ್ತಿನ ಕೋಶಗಳು ಗುರುತಿಸಿ ಒಳಗೆಳೆದುಕೊಳ್ಳುತ್ತವೆ. ಹೊಟ್ಟೆಯ, ಎದೆಯ, ಶ್ವಾಸಕೋಶದ ಗಡ್ಡೆಗಳಿಗೆ ಅಷ್ಟು ನೆಚ್ಚಬಹುದಾದ ವಿಳಾಸ ಸಿಕ್ಕಿಲ್ಲ. ಜಿಪಿಎಕ್ಸ್4 ಅನ್ನು ನೇರವಾಗಿ ತಡೆಯೋಣವೆಂದರೆ ಮೂತ್ರಪಿಂಡದ ಕೋಶಗಳಿಗೂ ಗಡ್ಡೆಯ ವಿರುದ್ಧ ಹೋರಾಡುವ ಟಿ ಕೋಶಗಳಿಗೂ ಅದೇ ಕಾವಲು ಬೇಕು.

ಇನ್ನು ಪ್ರಶ್ನೆಗಳು. ಸಂಡೂರಿನಿಂದ ಬಂದಿದ್ದ ವಿದ್ಯಾರ್ಥಿಯೊಬ್ಬರು, ಅದಿರಿನ ಕೆಂಪು ಧೂಳು ಉಸಿರಿನಲ್ಲಿ ಹೋದರೆ ಫೆರೊಪ್ಟೋಸಿಸ್ ಆಗುವುದೇ ಎಂದು ಕೇಳಿದರು. ಅದಿರಿನ ಧೂಳು ಶ್ವಾಸಕೋಶಕ್ಕೆ ಕೆಡುಕೇ, ಅದರಲ್ಲಿ ಮಾತಿಲ್ಲ. ಆದರೆ ನಾನು ವಿವರಿಸಿದ ಕಬ್ಬಿಣ ಬೇರೆ ಸ್ಥಿತಿಯದು. ಸಂಡೂರಿನ ಹೆಮಟೈಟಿನಲ್ಲಿ ಕಬ್ಬಿಣ ಕರಗದ ಫೆರಿಕ್ ರೂಪದಲ್ಲಿದೆ. ಪೊರೆಯ ಕೊಬ್ಬನ್ನು ಕೆಡಿಸುವುದು ಕೋಶದೊಳಗೆ ಬಿಡಿಯಾಗಿ ಓಡಾಡುವ ಅತ್ಯಲ್ಪ ಫೆರಸ್ ಕಬ್ಬಿಣ. ಅದರ ಒಳಬರವು, ಫೆರಿಟಿನ್ ಪ್ರೋಟೀನಿನಲ್ಲಿ ಅದರ ದಾಸ್ತಾನು, ದಾಸ್ತಾನಿನಿಂದ ಅದರ ಬಿಡುಗಡೆ, ಇವೆಲ್ಲವೂ ಕೋಶದ ಕಟ್ಟುನಿಟ್ಟಿನ ಹತೋಟಿಯಲ್ಲಿವೆ. ಇದೇ ಕಾರಣಕ್ಕೆ, ರಕ್ತಹೀನತೆಗೆ ವೈದ್ಯರು ಬರೆದ ಕಬ್ಬಿಣದ ಮಾತ್ರೆಯನ್ನು ಈ ಉಪನ್ಯಾಸ ಕೇಳಿ ಯಾರೂ ನಿಲ್ಲಿಸಬಾರದು. ಹಾಗಾದರೆ ಶೇಂಗಾ ಎಣ್ಣೆ ಬಿಟ್ಟು ಕುಸುಬಿ ಎಣ್ಣೆ ತಿಂದರೆ ಗಡ್ಡೆಯ ಪೊರೆ ಕೆಡುವಂತಾಗುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಜಾಣ ಪ್ರಶ್ನೆ. ಇಲಿಗಳಲ್ಲಿ ಆಹಾರದ ಕೊಬ್ಬನ್ನು ಬದಲಿಸಿ ಗಡ್ಡೆಯ ಕೊಬ್ಬನ್ನು ಬದಲಿಸಲು ಸಾಧ್ಯವಾಗಿದೆ. ಮನುಷ್ಯರಿಗೆ ಅಡುಗೆ ಎಣ್ಣೆಯನ್ನು ಚಿಕಿತ್ಸೆಯೆಂದು ಹೇಳುವಷ್ಟು ಆಧಾರ ಅದರಲ್ಲಿಲ್ಲ.

ವೈದ್ಯರೊಬ್ಬರ ಪ್ರಶ್ನೆ ಹೆಚ್ಚು ಪ್ರಾಯೋಗಿಕವಾಗಿತ್ತು: ರಕ್ತದಲ್ಲಿನ ಮೈಕ್ರೋ ಆರ್‌ಎನ್‌ಎ ಅಳೆದು ಕ್ಯಾನ್ಸರ್ ಪತ್ತೆ ಮಾಡುತ್ತೇವೆ ಎನ್ನುವ ಪರೀಕ್ಷೆಗಳನ್ನು ನಂಬಬಹುದೇ? ಪ್ರಾಸ್ಟೇಟ್ ಕ್ಯಾನ್ಸರಿಗೆ ಸಂಬಂಧಿಸಿದ ಪಿಸಿಎ3 ಎಂಬ ಉದ್ದನೆಯ ಆರ್‌ಎನ್‌ಎಯನ್ನು ಮೂತ್ರದಲ್ಲಿ ಅಳೆಯುವ ಪರೀಕ್ಷೆಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಅದೂ ಮತ್ತೊಮ್ಮೆ ಬಯಾಪ್ಸಿ ಮಾಡಬೇಕೇ ಎಂಬ ಸೀಮಿತ ಪ್ರಶ್ನೆಗೆ. ರಕ್ತದ ಮೈಕ್ರೋ ಆರ್‌ಎನ್‌ಎಗಳ ವಿಚಾರದಲ್ಲಿ ತೊಂದರೆ ಮಾದರಿ ತೆಗೆಯುವಲ್ಲಿಂದಲೇ ಶುರುವಾಗುತ್ತದೆ. ಕೆಂಪು ರಕ್ತಕಣಗಳಲ್ಲಿ ಮಿರ್-451 ಮತ್ತು ಮಿರ್-16 ತುಂಬಿರುತ್ತವೆ. ನಮ್ಮ ಬೇಸಿಗೆಯಲ್ಲಿ ತಾಲ್ಲೂಕಿನಿಂದ ಬಸ್ಸಿನಲ್ಲೋ ಬೈಕಿನಲ್ಲೋ ಜಿಲ್ಲಾ ಕೇಂದ್ರಕ್ಕೆ ಬರುವಷ್ಟರಲ್ಲಿ ಕೆಲವು ರಕ್ತಕಣಗಳು ಒಡೆದರೂ ಪ್ಲಾಸ್ಮಾದಲ್ಲಿ ಇವುಗಳ ಮಟ್ಟ ಏರಿಬಿಡುತ್ತದೆ. ಇತರ ಮೈಕ್ರೋ ಆರ್‌ಎನ್‌ಎಗಳ ಮಟ್ಟವನ್ನು ಹೋಲಿಸಲು ಹಲವು ಪ್ರಯೋಗಾಲಯಗಳು ಅಳತೆಗೋಲಾಗಿ ಬಳಸಿಕೊಂಡು ಬಂದದ್ದೂ ಇದೇ ಮಿರ್-16 ಅನ್ನು. ಅಳತೆಗೋಲೇ ಉದ್ದವಾದರೆ ಉಳಿದದ್ದೆಲ್ಲ ಗಿಡ್ಡವಾಗಿ ಕಾಣುತ್ತದೆ. ಅಂತಹ ವರದಿ ಕೈಗೆ ಬಂದರೆ, ಮಾದರಿಯಲ್ಲಿ ರಕ್ತಕಣ ಒಡೆದಿತ್ತೇ ಎಂದು ಅಳೆದು ನೋಡಿದ್ದಾರೆಯೇ, ಯಾವ ಆರ್‌ಎನ್‌ಎಯನ್ನು ಅಳತೆಗೋಲಾಗಿ ಬಳಸಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿ, ಉತ್ತರ ಬರುವವರೆಗೆ ಆ ಅಂಕಿಯ ಮೇಲೆ ರೋಗಿಗೆ ಏನನ್ನೂ ಹೇಳಬೇಡಿ ಎಂದು ಆ ವೈದ್ಯರಿಗೆ ಹೇಳಿದೆ.